ಪ್ರತಿಕ್ರಿಯೆ: ಆಟದ ಹಿಟ್ಟು ಮರುದಿನವೇ ಅಂಟಂಟಾಗುವುದು ಏಕೆ?

ಮೈದಾ, ಉಪ್ಪು, ನೀರು ಕಲಸಿದ ಹಿಟ್ಟು ಮೊದಲ ದಿನ ಚೆನ್ನಾಗಿದ್ದು, ಮರುದಿನ ಮೂರು ವರ್ಷದ ಮಗಳ ಕೈಗೆ ಮೆತ್ತಿಕೊಳ್ಳುತ್ತದೆ ಎಂದು ಕೇಳಿದ್ದೀರಿ. ನೀವು ಅದನ್ನು ಬೇಯಿಸಿಲ್ಲ, ತೊಂದರೆ ಅಲ್ಲೇ ಇದೆ. ಹಸಿ ಹಿಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಉಪ್ಪು ಅದನ್ನು ಹೊರಗೆಳೆಯುತ್ತದೆ, ಮಳೆಗಾಲದಲ್ಲಂತೂ ಗಾಳಿಯ ತೇವವನ್ನೂ ಹೀರುತ್ತದೆ.

ಹೀಗೆ ಮಾಡಿ: 1 ಕಪ್ ನೀರಿಗೆ ಅರ್ಧ ಕಪ್ ಪುಡಿಯುಪ್ಪು ಹಾಕಿ ಬಿಸಿ ಮಾಡಿ, ಕರಗುವಷ್ಟು ಕರಗಲಿ. ಕಲ್ಲುಪ್ಪು ಬೇಡ, ದಪ್ಪ ಹರಳು ಉಳಿದರೆ ಹಿಟ್ಟು ತರಿತರಿಯಾಗುತ್ತದೆ. ಒಲೆ ಆರಿಸಿ, ನೀರು ತಣ್ಣಗಾದ ಮೇಲೆ 1 ಕಪ್ ಮೈದಾ, 1 ದೊಡ್ಡ ಚಮಚ ಎಣ್ಣೆ, 2 ದೊಡ್ಡ ಚಮಚ ನಿಂಬೆರಸ ಸೇರಿಸಿ ಗಂಟಿಲ್ಲದಂತೆ ಕಲಸಿ. ಬಿಸಿನೀರಿಗೇ ಮೈದಾ ಸುರಿದರೆ ಗಂಟು ಖಂಡಿತ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಡದೆ ತಿರುವಿ. ನಾಲ್ಕೈದು ನಿಮಿಷಕ್ಕೆ ಮುದ್ದೆಯಾಗಿ ಬಾಣಲೆ ಬಿಡುತ್ತದೆ. ಚಿವುಟಿ ಉಂಡೆ ಮಾಡಿ ನೋಡಿ. ಬೆರಳಿಗೆ ಅಂಟಿದರೆ ಇನ್ನೊಂದು ನಿಮಿಷ. ಹೆಚ್ಚು ಬೇಯಿಸಿದರೆ ಬಿರುಕು ಬಿಡುತ್ತದೆ, ಆಗ ಕೈಗೆ ನೀರು ಸವರಿಕೊಂಡು ನಾದಬೇಕು. ಬಿಸಿ ಆರಿದ ಮೇಲೆ ಎರಡು ನಿಮಿಷ ಚಪಾತಿ ಹಿಟ್ಟಿನಂತೆ ನಾದಿ.

ಬಣ್ಣಕ್ಕೆ ಅರ್ಧ ಚಮಚ ಅರಿಶಿನ ಸಾಕು, ಆದರೆ ಬಟ್ಟೆಗೆ ಕಲೆಯಾಗುತ್ತದೆ. ನೀರಿನ ಬದಲು ಬೀಟ್‌ರೂಟ್ ಬೇಯಿಸಿದ ನೀರೂ ನಡೆಯುತ್ತದೆ.

ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಪೂರ್ತಿ ತಣ್ಣಗಾದ ಮೇಲೆ. ಬೆವರಿದರೆ ಮತ್ತೆ ಅಂಟು. ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಎಸೆಯಿರಿ, ಆದರೆ ನಾಯಿಗೆ ಸಿಗದ ಕಡೆ: ಇಷ್ಟು ಉಪ್ಪು ಅದಕ್ಕೆ ವಿಷ. ಮಗು ಬಾಯಿಗಿಡದಂತೆಯೂ ಪಕ್ಕದಲ್ಲೇ ಇರಿ.