ಪುಸ್ತಕದಲ್ಲಿ ಸೊನ್ನೆ, ಹಿತ್ತಿಲಲ್ಲಿ ಗುಡ್ಡ

ಹಾಳಾದ ಮಾಲು ಹೆಚ್ಚಿರುವ ಕಡೆ ಪ್ರಕ್ರಿಯಾ ವೆಚ್ಚಕ್ಕೆ (ಹಂತಹಂತವಾಗಿ ತಯಾರಾಗುವ ಮಾಲಿನ ವೆಚ್ಚದ ಲೆಕ್ಕಕ್ಕೆ) ತೂಕದ ಸರಾಸರಿ (ಹಳೆಯ, ಹೊಸ ವೆಚ್ಚ ಕೂಡಿಸಿ ಸರಾಸರಿ ತೆಗೆಯುವುದು) ಸರಿಯೋ, ಫಿಫೊ (ಮೊದಲು ಬಂದದ್ದು ಮೊದಲು ಮುಗಿಯಿತೆಂದು ಹಿಡಿದು ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕುವುದು) ಸರಿಯೋ ಎಂದು ಕೇಳಿದ್ದೀರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇದನ್ನೇ ತಲೆಗೆ ಹಚ್ಚಿಕೊಂಡು ಕುಳಿತಿದ್ದೆ. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ಕರಾವಳಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಜೇಡಿಮಣ್ಣು ಹದಮಾಡಿ, ಅಚ್ಚೊತ್ತಿ, ಹಲಗೆಗಳ ಮೇಲೆ ಒಣಗಿಸಿ, ಭಟ್ಟಿಯಲ್ಲಿ ಸುಡುತ್ತಿದ್ದರು. ತಪಾಸಣೆ ನಡೆಯುತ್ತಿದ್ದದ್ದು ಭಟ್ಟಿ ಬಿಚ್ಚಿದ ಮೇಲೆಯೇ. ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸೊಬ್ಬರು ಹೆಂಚನ್ನು ಎಡಗೈಯಲ್ಲಿ ಇಳಿಬಿಟ್ಟು ಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ಬಡಿಯುತ್ತಿದ್ದರು. ಠಣ್ ಎಂದರೆ ಲಾರಿಗೆ, ದಪ್ ಎಂದರೆ ಹಿತ್ತಿಲಿಗೆ. ಕಣ್ಣಿಗೆ ಕಾಣದ ಸೀಳು ಅವರ ಕಿವಿಗೆ ಸಿಗುತ್ತಿತ್ತು.

ಒಂದು ತಿಂಗಳ ಲೆಕ್ಕ ಹೇಳುತ್ತೇನೆ, ಅಂಕಿಗಳನ್ನು ದುಂಡಾಗಿಸಿದ್ದೇನೆ. ಹಿಂದಿನ ತಿಂಗಳು ಅರೆಬರೆಯಾಗಿ ಉಳಿದಿದ್ದ ಹೆಂಚು 2,000, ಹೊಸದಾಗಿ ಅಚ್ಚೊತ್ತಿದ್ದು 18,000. ಒಟ್ಟು 20,000ದಲ್ಲಿ 15,000 ಒಳ್ಳೆಯವು, 2,000 ಹಾಳು, 3,000 ಇನ್ನೂ ಹಲಗೆಯ ಮೇಲೆ. ಹಲಗೆಯ ಮೇಲಿದ್ದವಕ್ಕೆ ಮಣ್ಣು ಪೂರ್ತಿ ಬಿದ್ದಿತ್ತು, ಕೆಲಸ ಮಾತ್ರ ಶೇ. 40ರಷ್ಟು ಆಗಿತ್ತು. ನೂರು ಒಳ್ಳೆಯ ಹೆಂಚಿಗೆ ಹತ್ತು ಹಾಳಾದರೆ ಅದು ಸಾಮಾನ್ಯ ನಷ್ಟ, ಅದನ್ನು ಮೀರಿದ್ದು ಅಸಾಮಾನ್ಯ ನಷ್ಟ ಎಂಬುದು ಕಾರ್ಖಾನೆಯ ಕಟ್ಟಳೆ.

ನಾನು ಮಾಡಿದ್ದೇನು? 20,000ದ ಮೇಲೆ ಶೇ. 10 ಹಾಕಿ, 2,000 ಅಷ್ಟೂ ಸಾಮಾನ್ಯ ನಷ್ಟ, ಅಸಾಮಾನ್ಯ ನಷ್ಟ ಸೊನ್ನೆ ಎಂದು ಬರೆದೆ. ಮೂರು ತಿಂಗಳು ಹೀಗೆಯೇ ಬರೆದೆ.

ಹಲಗೆಯ ಮೇಲೆ ಮಲಗಿದ್ದ ಆ 3,000 ಹಸಿ ಹೆಂಚು ಭಟ್ಟಿಯ ಮುಖವನ್ನೇ ನೋಡಿರಲಿಲ್ಲ, ಅಕ್ಕನ ಗೆಣ್ಣು ಅವನ್ನು ಮುಟ್ಟಿರಲಿಲ್ಲ. ತಪಾಸಣೆಗೆ ಬಾರದ ಹೆಂಚಿನ ಹೆಸರಿನಲ್ಲಿ ನಾನು ಹಾಳಿಗೆ ರಿಯಾಯಿತಿ ಕೊಟ್ಟಿದ್ದೆ. ಹಾಳಾದ 2,000ಕ್ಕೂ ಅದೇ ರಿಯಾಯಿತಿ ಸಿಕ್ಕಿತ್ತು. ಇನ್ನೂ ಕೆಟ್ಟದ್ದೆಂದರೆ ಅದು ಮಳೆಗಾಲ. ಹೆಂಚು ಬೇಗ ಒಣಗದೆ ಹಲಗೆಗಳು ತುಂಬಿದಷ್ಟೂ ನನ್ನ ಪುಸ್ತಕದಲ್ಲಿ ಹಾಳಾಗಲು ಅನುಮತಿ ಹೆಚ್ಚುತ್ತಿತ್ತು! ಸರಿಯಾದ ಲೆಕ್ಕದಲ್ಲಿ 15,000ದ ಶೇ. 10, ಅಂದರೆ 1,500 ಸಾಮಾನ್ಯ, ಉಳಿದ 500 ಅಸಾಮಾನ್ಯ.

ದುಡ್ಡಿನಲ್ಲಿ ನೋಡಿ. ತೂಕದ ಸರಾಸರಿಯಲ್ಲಿ ಹಳೆಯ ದಾಸ್ತಾನಿನ ವೆಚ್ಚವನ್ನೂ ಈ ತಿಂಗಳದ್ದನ್ನೂ ಕೂಡಿಸುತ್ತೇವೆ. ಮಣ್ಣಿಗೆ 2,00,000 ರೂಪಾಯಿ, ಸಮಾನ ಘಟಕ (ಅರೆಬರೆ ಹೆಂಚನ್ನು ಪೂರ್ತಿ ಹೆಂಚಿನ ಲೆಕ್ಕಕ್ಕೆ ಇಳಿಸಿದ ಸಂಖ್ಯೆ) 20,000, ತಲಾ 10. ಕೂಲಿ, ಸೌದೆ ಇತ್ಯಾದಿಗೆ 2,73,000, ಸಮಾನ ಘಟಕ 15,000 + 2,000 + 1,200 (3,000ದ ಶೇ. 40) = 18,200, ತಲಾ 15. ಸುಟ್ಟ ಹೆಂಚಿಗೆ 25 ರೂಪಾಯಿ. 1,500 ಹಾಳಿನ 37,500 ಒಳ್ಳೆಯ ಹೆಂಚಿನ ಮೇಲೆ ಬಿದ್ದು ಒಂದರ ವೆಚ್ಚ 27.50 ಆಗಬೇಕು. 500ರ 12,500 ಲಾಭ-ನಷ್ಟ ಖಾತೆಗೆ ಹೋಗಬೇಕು. ಹಲಗೆಯ ಮೇಲಿನದಕ್ಕೆ 48,000. ಕೂಡಿಸಿ, 4,73,000 ತಾಳೆಯಾಗುತ್ತದೆ. ನನ್ನ ಪುಸ್ತಕದಲ್ಲೂ ತಾಳೆಯಾಗಿತ್ತು, ಅದೇ ತೊಂದರೆ. ಹೆಂಚಿನ ವೆಚ್ಚ 28.33 ಎಂದು ತೋರಿಸಿತ್ತು, ಆ 83 ಪೈಸೆಯೊಳಗೆ 12,500 ಅಡಗಿ ಕುಳಿತಿತ್ತು.

ಧಣಿಗಳು ಒಂದು ದಿನ ಹಿತ್ತಿಲಿಗೆ ಹೋದರು. ಒಡೆದ ಹೆಂಚಿನ ರಾಶಿ ಕಾಂಪೌಂಡಿನ ಎತ್ತರಕ್ಕೆ ಬಂದಿತ್ತು. "ರೈಟರೇ, ನಿಮ್ಮ ಪುಸ್ತಕದಲ್ಲಿ ಸೊನ್ನೆ, ಇಲ್ಲಿ ಗುಡ್ಡ. ಯಾವುದನ್ನು ನಂಬಲಿ?" ಎಂದರು. ಮೇಸ್ತ್ರಿ ಹುಡುಕಿದಾಗ ಭಟ್ಟಿಯ ಗೋಡೆಯಲ್ಲೊಂದು ಬಿರುಕು ಸಿಕ್ಕಿತು. ತಣ್ಣನೆಯ ಗಾಳಿ ಹೊಕ್ಕು ಬಿಸಿ ಹೆಂಚು ಸೀಳುತ್ತಿತ್ತು. ಆ ವರ್ಷ ನನಗೆ ಸಂಬಳ ಏರಲಿಲ್ಲ.

ಹಾಗಾಗಿ ಫಿಫೊ ಹಿಡಿದರೆ ಉದ್ಧಾರವಾಗುತ್ತೀರಿ ಎಂದು ನಾನು ಹೇಳುವುದಿಲ್ಲ. ಅದರಲ್ಲೂ ಇದೇ ತಪ್ಪನ್ನು ಆರಾಮವಾಗಿ ಮಾಡಬಹುದಿತ್ತು. ನಿಮ್ಮ ಪ್ರಶ್ನೆಯೇ ತಪ್ಪು ಎಂದರೆ ಬೇಸರಿಸಬೇಡಿ: ತಪಾಸಣೆ ಎಷ್ಟನೇ ಹಂತದಲ್ಲಿ, ಶೇಕಡಾವಾರು ಯಾವುದರ ಮೇಲೆ ಎಂದು ಕೇಳಬೇಕಿತ್ತು. ಪಠ್ಯಪುಸ್ತಕಗಳು ಹಲವೆಡೆ ಒಳಹಾಕಿದ ಪ್ರಮಾಣದ ಮೇಲೆಯೇ ಶೇಕಡಾ ಕೊಡುತ್ತವೆ, ಆಗ ಹಾಗೆಯೇ ಮಾಡಿ. ನಮ್ಮಲ್ಲಿ ತಪಾಸಣೆ ಕೆಲಸದ ಶೇ. 30ರ ಹಂತದಲ್ಲೇ ಆಗಿದ್ದರೆ ಹಲಗೆಯ ಮೇಲಿನ 3,000ವೂ ಅದನ್ನು ದಾಟಿರುತ್ತಿದ್ದವು, ಸಾಮಾನ್ಯ ನಷ್ಟದಲ್ಲಿ ಅವಕ್ಕೂ ಪಾಲು ಬರುತ್ತಿತ್ತು. ತಪಾಸಣೆಯ ಹಂತ, ಶೇಕಡಾವಾರು ಯಾವುದರ ಮೇಲೆ ಎಂಬುದು, ಇವೆರಡೂ ಕಚೇರಿಯಲ್ಲಿ ಕುಳಿತು ಗೊತ್ತಾಗುವುದಿಲ್ಲ, ಮಾಲನ್ನು ಬಡಿದು ನೋಡುವವರ ಪಕ್ಕ ಅರ್ಧ ದಿನ ನಿಂತುಕೊಳ್ಳಿ.