ಪಾಲ್ಮೈರಾದ ಗೋರಿಗಳಲ್ಲಿ ಅಷ್ಟೊಂದು ಮುಖಗಳು ಏಕಿವೆ?

ಸಿರಿಯಾದ ಪಾಳುನಗರ ಪಾಲ್ಮೈರಾದ ಗೋರಿಗಳಲ್ಲಿರುವ, ತಲೆಯಿಂದ ಎದೆಯವರೆಗಿನ ಪ್ರತಿಮೆಗಳು ಬರೀ ಅಲಂಕಾರವಲ್ಲ, ಗೋರಿಯ ಮುಚ್ಚಳಗಳು. ರೋಮನ್ನರ ಕಾಲದಲ್ಲಿ ಅಲ್ಲಿನ ಸಿರಿವಂತ ಮನೆತನಗಳು ಹಲವು ಅಂತಸ್ತಿನ ಗೋಪುರವನ್ನೋ ನೆಲದಡಿಯ ಕೋಣೆಯನ್ನೋ ಮಾಡಿಸಿ, ಗೋಡೆಯಲ್ಲಿ ಒಂದರ ಮೇಲೊಂದು ಗೂಡು ಬಿಡಿಸುತ್ತಿದ್ದವು. ಶವವನ್ನು ಒಳಗಿಟ್ಟು, ತೀರಿಕೊಂಡವರ ರೂಪ ಕೆತ್ತಿದ ಸುಣ್ಣಕಲ್ಲಿನ ಚಪ್ಪಡಿಯಿಂದ ಗೂಡಿನ ಬಾಯಿ ಮುಚ್ಚುತ್ತಿದ್ದರು.

ಹೆಂಗಸಿನ ಪ್ರತಿಮೆಯೊಂದನ್ನು ಹತ್ತಿರದಿಂದ ನೋಡಿ. ತಲೆಯ ಮೇಲೆ ಮುಸುಕು, ಹಣೆಗೆ ಚಿತ್ತಾರದ ಪಟ್ಟಿ, ಎಷ್ಟೋ ಸಲ ಕೈಯಲ್ಲಿ ನೂಲುವ ಕದಿರು. ಕಾಲ ಕಳೆದಂತೆ ಕೊರಳ ತುಂಬ ಸರಗಳೂ ಬಂದವು. ಭುಜದ ಪಕ್ಕ ಅರಮಾಯಿಕ್ ಭಾಷೆಯಲ್ಲಿ ಅವಳ ಹೆಸರು, ತಂದೆಯ ಹೆಸರು, ಜೊತೆಗೆ ‘ಅಯ್ಯೋ’ ಎಂಬ ಉದ್ಗಾರ. ಕಲ್ಲಿನಲ್ಲಿ ಮುಖ ಮೂಡಿಸುವ ರೂಢಿ ರೋಮ್‌ನಿಂದ ಬಂದಿರಬಹುದು. ನೇರ ದಿಟ್ಟಿಸುವ ಆ ದೊಡ್ಡ ಕಣ್ಣು, ಉಡುಗೆ, ಒಡವೆ ಆ ನೆಲದವು. ಇವನ್ನು ಬರೀ ರೋಮನ್ ಶಿಲ್ಪ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಇಂಥ ಗೋರಿ ಗೋಪುರಗಳಲ್ಲೊಂದಾದ, ಕ್ರಿ.ಶ. 103ರ ಎಲಾಬೆಲ್ ಗೋಪುರವನ್ನು ಐಸಿಸ್ 2015ರಲ್ಲಿ ಸ್ಫೋಟಿಸಿತು. ಅದೇ ವರ್ಷ, ಜೀವಮಾನವಿಡೀ ಪಾಲ್ಮೈರಾವನ್ನು ಕಾದ ಪುರಾತತ್ವಜ್ಞ ಖಾಲಿದ್ ಅಲ್-ಅಸಾದ್ ಅವರನ್ನೂ ಕೊಂದಿತು. ಮೊದಲೇ ಹೊರಹೋಗಿದ್ದ ನೂರಾರು ಪ್ರತಿಮೆಗಳು ಕೋಪನ್‌ಹೇಗನ್, ಇಸ್ತಾಂಬುಲ್, ಪ್ಯಾರಿಸ್‌ನ ಸಂಗ್ರಹಾಲಯಗಳಲ್ಲಿವೆ.