ಸ್ಯಾಂಪಲ್ ಇರುವುದು ಕೆಡಿಸಿ ನೋಡುವುದಕ್ಕೆ

ವಿದೇಶದಿಂದ ಮಾಲು ತರಿಸುವ ಬಗ್ಗೆ ಓದುಗರು ಕಳಿಸಿದ್ದರಲ್ಲಿ ಈ ಸಲವೂ ಅರ್ಧಕ್ಕರ್ಧ ಅದೇ ಪ್ರಶ್ನೆಗಳು. ಐಇಸಿ (ಆಮದು-ರಫ್ತು ಮಾಡುವವರಿಗೆ ಬೇಕಾದ ಕೋಡ್ ನಂಬರ್) ಅಂದರೇನು, ಎಲ್ಲಿ ಸಿಗುತ್ತದೆ ಅಂತ ಕೇಳಿದವರಿಗೆ ನಾನು ಉತ್ತರ ಬರೆಯುವುದಿಲ್ಲ. ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಕಚೇರಿ ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ ನೀವೇ ಮಾಡಿಕೊಳ್ಳುವ ಕೆಲಸ ಅದು. 8,000 ಕೊಡಿ, ಇಂಪೋರ್ಟ್ ಲೈಸೆನ್ಸ್ ಮಾಡಿಸಿಕೊಡುತ್ತೇನೆ ಅನ್ನುವವನಿಗೆ ದುಡ್ಡು ಕೊಟ್ಟು ಬಂದು ಆಮೇಲೆ ನನ್ನ ಹತ್ತಿರ ಅಳಬೇಡಿ.

ಪ್ರಶ್ನೆ: ನಾನು ಶ್ರೀನಿವಾಸಪುರದ ಕಡೆಯವನು. ಮಾವಿನಕಾಯಿಗೆ ಕಟ್ಟುವ ಪೇಪರ್ ಕವರ್ ಚೀನಾದಿಂದ ತರಿಸಿ ಇಲ್ಲಿನ ರೈತರಿಗೆ ಮಾರಬೇಕು ಅಂತಿದ್ದೇನೆ. ಸಪ್ಲೈಯರ್‌ಗಳು 1 ಲಕ್ಷ ಪೀಸಿಗಿಂತ ಕಡಿಮೆ ಕೊಡುವುದಿಲ್ಲ ಅಂತಾರೆ. ನನಗೆ 10,000 ಸಾಕು. ಸ್ಯಾಂಪಲ್ ಫ್ರೀಯಾಗಿ ಕಳಿಸಿ ಅಂದರೆ ಉತ್ತರವೇ ಇಲ್ಲ. ಏನು ಮಾಡಲಿ ಸರ್?

ಉತ್ತರ: ಮೊದಲು ಫ್ರೀ ಅನ್ನುವ ಮಾತು ಬಿಡಿ. ಫ್ರೀ ಸ್ಯಾಂಪಲ್ ಅಂದರೆ ಷೋರೂಮಿನಿಂದ ಆರಿಸಿ ತೆಗೆದ ನಾಲ್ಕು ಕವರ್. ಅದು ಚೆನ್ನಾಗಿಯೇ ಇರುತ್ತದೆ, ಇರಲೇಬೇಕಲ್ವಾ? ನಿಮಗೆ ಬೇಕಾದ್ದು ಈಗ ಮೆಷಿನ್ನಿನಿಂದ ಬರುತ್ತಿರುವ ಮಾಲು. 200 ಪೀಸ್ ದುಡ್ಡು ಕೊಟ್ಟೇ ತರಿಸಿ, ಇಬ್ಬರು ಮೂವರ ಹತ್ತಿರ ತರಿಸಿ. ದುಡ್ಡು ಕೊಟ್ಟ ಮೇಲೆ ಉತ್ತರ ಬೇಗ ಬರುತ್ತದೆ, ಅದನ್ನೂ ನೋಡುತ್ತೀರಿ.

ಬಂದ ಸ್ಯಾಂಪಲನ್ನು ಮೇಜಿನ ಮೇಲಿಟ್ಟು ಫೋಟೋ ತೆಗೆಯುವುದರಿಂದ ಏನೂ ಗೊತ್ತಾಗುವುದಿಲ್ಲ. ನಾನೂ ಶುರುವಿನಲ್ಲಿ ಹಾಗೇ ಮಾಡಿದವನು. ಬ್ಯಾಟರಿ ಸ್ಪ್ರೇಯರ್ ಒಂದು ತರಿಸಿ, ಆಫೀಸಿನ ಹಿಂದೆ ಬರೀ ನೀರು ಹಾಕಿ ಹೊಡೆದು ನೋಡಿ, ಸೂಪರ್ ಅಂತ 200 ಆರ್ಡರ್ ಕೊಟ್ಟೆ. ರೈತರು ಅದಕ್ಕೆ ನೀರು ಹಾಕುತ್ತಾರಾ? ಔಷಧಿ ಹಾಕಿದರು, ವಾರದೊಳಗೆ ಒಳಗಿನ ವಾಷರ್ ಊದಿಕೊಂಡು ಸೋರಿತು. ಒಂದೊಂದಾಗಿ ವಾಪಸ್ ಬಂದವು. ಅವತ್ತಿನಿಂದ ಕೆಡಿಸಿ ನೋಡದ ಸ್ಯಾಂಪಲ್ಲಿಗೆ ನಾನು ಆರ್ಡರ್ ಕೊಟ್ಟಿಲ್ಲ.

ನಿಮ್ಮ ಕವರನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಸಿ. ಅಂಟು ಬಿಡುತ್ತದಾ, ಬಾಯಿಗೆ ಕಟ್ಟುವ ತಂತಿ ತುಕ್ಕು ಹಿಡಿಯುತ್ತದಾ ನೋಡಿ. ಆಮೇಲೆ ಒಂದೇ ಮರದಲ್ಲಿ ಒಬ್ಬೊಬ್ಬರದಕ್ಕೂ ಒಂದೊಂದು ಬಣ್ಣದ ಗುರುತು ಹಾಕಿ ಕಟ್ಟಿ, ಬಿಸಿಲಿನ ಕಡೆಗೂ ನೆರಳಿನ ಕಡೆಗೂ. ಪಕ್ಕದಲ್ಲೇ ಕೆಲವು ಕಾಯಿ ಕವರ್ ಇಲ್ಲದೆ ಬಿಡಿ, ಇಲ್ಲದಿದ್ದರೆ ಹೋಲಿಸುವುದು ಯಾವುದರ ಜೊತೆ? ಬೇಸಿಗೆ ಮಳೆ, ಗಾಳಿ ಎಲ್ಲಾ ಆದ ಮೇಲೆ ಕಾಯಿ ಕಿತ್ತು ಬಣ್ಣ ನೋಡಿ, ಹಣ್ಣಿನ ನೊಣದ ಹುಳ ಇದೆಯಾ ಕೊಯ್ದು ನೋಡಿ. ಮಾಡುವುದಾದರೆ ಬಾದಾಮಿ, ಬೇನಿಷಾ, ಮಲ್ಲಿಕಾದಲ್ಲಿ ಮಾಡಿ. ಪಲ್ಪ್ ಫ್ಯಾಕ್ಟರಿಗೆ ಹೋಗುವ ತೋತಾಪುರಿಗೆ ಕವರ್ ಕಟ್ಟುವ ರೈತ ನಿಮಗೆ ಸಿಗುವುದಿಲ್ಲ.

ಹೌದು, ಇದಕ್ಕೆ ಒಂದು ಸೀಸನ್ ಹಿಡಿಯುತ್ತದೆ. ಬೇಸರವಾದರೆ ಬೇರೆ ವ್ಯಾಪಾರ ನೋಡಿ. ಕಾಯಿ ಕೋಳಿಮೊಟ್ಟೆ ಗಾತ್ರಕ್ಕೆ ಬರುವ ಹೊತ್ತಿಗೆ ಕವರ್ ರೈತನ ಕೈಯಲ್ಲಿರಬೇಕು. ಅದಕ್ಕೆ ಸ್ವಲ್ಪ ಮುಂಚೆ, ಜನವರಿ 21ರಿಂದ ಫೆಬ್ರುವರಿ 20ರೊಳಗೆ ಚೀನಾದ ಹೊಸ ವರ್ಷ ಬರುತ್ತದೆ, ವಾರಗಟ್ಟಲೆ ಫ್ಯಾಕ್ಟರಿಗಳು ಬಾಗಿಲು ಹಾಕುತ್ತವೆ. ಜನವರಿಯಲ್ಲಿ ಆರ್ಡರ್ ಕೊಟ್ಟವನ ಕವರ್ ಹಣ್ಣು ಮಂಡಿಗೆ ಹೋದ ಮೇಲೆ ಚೆನ್ನೈ ಬಂದರಿಗೆ ಬಂದರೂ ಆಶ್ಚರ್ಯವಿಲ್ಲ. ಹಾಗಾಗಿ ಈ ಬೇಸಿಗೆ ಪರೀಕ್ಷೆ, ನವೆಂಬರಿನಲ್ಲಿ ಆರ್ಡರ್, ಮುಂದಿನ ಮಾರ್ಚಿನಲ್ಲಿ ಮಾರಾಟ.

ಇನ್ನು 1 ಲಕ್ಷದ ಮಾತು. ಆ ಲೆಕ್ಕ ನಿಮ್ಮನ್ನು ಹೆದರಿಸುವುದಕ್ಕೆ ಹಾಕಿದ್ದಲ್ಲ. ಪೇಪರ್ ರೋಲ್ ತರಿಸಬೇಕು, ಸೈಜಿಗೆ ಮೆಷಿನ್ ಸೆಟ್ ಮಾಡಬೇಕು, ನಿಮ್ಮ ಹೆಸರಿಗೆ ಪ್ರಿಂಟಿಂಗ್ ಪ್ಲೇಟ್ ಮಾಡಬೇಕು. ಈ ಖರ್ಚು 10,000 ಕವರಿಗೂ ಅಷ್ಟೇ, 1 ಲಕ್ಷಕ್ಕೂ ಅಷ್ಟೇ. ಮುಂದೆ ಕಂಟೇನರ್‌ಗಟ್ಟಲೆ ತಗೋತೀನಿ, ಈಗ ಕಡಿಮೆ ಕೊಡಿ ಅನ್ನಬೇಡಿ, ಆ ಮಾತು ಅವರು ದಿನಕ್ಕೆ ಹತ್ತು ಸಲ ಕೇಳಿರುತ್ತಾರೆ. ಕೇಳಬೇಕಾದ್ದು ಬೇರೆ: ನಿಮ್ಮಲ್ಲಿ ಯಾವ ಸೈಜ್ ಸ್ಟಾಕ್ ಇದೆ? ಪ್ರಿಂಟ್ ಬೇಡ, ಬೇರೆಯವರಿಗೆ ಮಾಡುವಾಗ ನನಗೂ 10,000 ಸೇರಿಸಿ ಮಾಡುತ್ತೀರಾ? ಪೀಸಿಗೆ ಸ್ವಲ್ಪ ಜಾಸ್ತಿ ಕೊಡುತ್ತೇನೆ. ಫ್ಯಾಕ್ಟರಿಯಿಂದಲೇ ನೇರವಾಗಿ ತಗೋಬೇಕು ಅಂತ ಯೂಟ್ಯೂಬಿನವರು ತಲೆಗೆ ತುಂಬಿದ್ದಾರೆ. ಮೊದಲ ಆರ್ಡರ್‌ಗೆ ಸ್ಟಾಕ್ ಇಟ್ಟಿರುವ ಟ್ರೇಡರ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಅಥವಾ ನಿಮ್ಮ ಕಡೆಯ ರೈತ ಉತ್ಪಾದಕ ಕಂಪನಿಯವರ ಜೊತೆ ಸೇರಿ 1 ಲಕ್ಷವನ್ನೇ ತರಿಸಿ.

ಸಣ್ಣ ಮಾಲು ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರ್ ಹಂಚಿಕೊಂಡು, ಅಂದರೆ ಎಲ್‌ಸಿಎಲ್‌ನಲ್ಲಿ ಬರುತ್ತದೆ. ಹಡಗಿನ ಬಾಡಿಗೆ ಬಹಳ ಕಡಿಮೆ ಅಂದರೆ ಹಿಗ್ಗಬೇಡಿ, ಇಲ್ಲಿ ಇಳಿಸಿದ ಮೇಲಿನ ಚಾರ್ಜಿನಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ. ಅದನ್ನು ಮೊದಲೇ ಬರೆಸಿಕೊಳ್ಳಿ. ಸುಂಕವೂ ಬರೀ ಮಾಲಿನ ಬೆಲೆ ಮೇಲಲ್ಲ, ಬಾಡಿಗೆ, ಇನ್ಶೂರೆನ್ಸ್ ಸೇರಿಸಿ. ಒಟ್ಟು 1 ಲಕ್ಷ ರೂಪಾಯಿ ಆಗಿ ದರ ಶೇ 10 ಅಂದುಕೊಂಡರೆ ಸುಂಕ 10,000, ಅದರ ಮೇಲೆ ಸರ್ಚಾರ್ಜ್ 1,000, ಐಜಿಎಸ್‌ಟಿ (ಆಮದು ಮಾಲಿನ ಮೇಲಿನ ಜಿಎಸ್‌ಟಿ) ಲೆಕ್ಕ ಹಾಕುವುದು 1,11,000ಕ್ಕೆ.

ಒಪ್ಪಿದ ಸ್ಯಾಂಪಲ್ಲಿಗೆ ಸಹಿ ಹಾಕಿ ಒಂದು ಅವರಿಗೆ, ಒಂದು ನಿಮ್ಮ ಬೀರುವಿಗೆ. ಶೇ 30 ಅಡ್ವಾನ್ಸ್, ಉಳಿದದ್ದು ಮಾಲು ಪರೀಕ್ಷೆ ಆದ ಮೇಲೆ. ಮಧ್ಯದಲ್ಲಿ ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ ಅಂತ ಇಮೇಲ್ ಬಂದರೆ, ಹಳೇ ನಂಬರಿಗೆ ವಿಡಿಯೋ ಕಾಲ್ ಮಾಡಿ ಮುಖ ನೋಡದೆ ಒಂದು ಪೈಸೆ ಕಳಿಸಬೇಡಿ.

ಪ್ರಶ್ನೆ (ಮಾಲೂರು): ಸ್ಯಾಂಪಲ್ ಪಾರ್ಸೆಲ್ ಮೇಲೆ ಗಿಫ್ಟ್ ಅಂತ ಬರೆಸಿದರೆ ಸುಂಕ ಉಳಿಯುತ್ತದಂತೆ?

ಉತ್ತರ: 2019ರ ಡಿಸೆಂಬರಿನಲ್ಲೇ ಆ ಬಾಗಿಲು ಮುಚ್ಚಿದೆ. ರಾಖಿ, ಜೀವ ಉಳಿಸುವ ಔಷಧಿ ಬಿಟ್ಟರೆ ಗಿಫ್ಟ್ ಹೆಸರಲ್ಲಿ ಪೂರ್ತಿ ಸುಂಕ ಕಟ್ಟದೆ ಏನೂ ಬರುವ ಹಾಗಿಲ್ಲ.

ಪ್ರಶ್ನೆ (ತುಮಕೂರು): ಮಕ್ಕಳ ಆಟಿಕೆ 50 ಪೀಸ್ ತರಿಸಿ ಜಾತ್ರೆಯಲ್ಲಿ ಮಾರಿ ನೋಡಲಾ?

ಉತ್ತರ: ಬೇಡ. 2021ರ ಜನವರಿ 1ರಿಂದ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಕಡ್ಡಾಯ. ಹೊಸಬರ ಕೆಲಸ ಅಲ್ಲ ಅದು.

ಪ್ರಶ್ನೆ (ಚಿಂತಾಮಣಿ): ಟೊಮೆಟೊ ಬೀಜ ಸ್ವಲ್ಪ, ಸ್ಯಾಂಪಲ್ ಅಂತ ಕವರಿನಲ್ಲಿ ಹಾಕಿ ಕಳಿಸುತ್ತಾರಂತೆ, ತೊಂದರೆ ಇಲ್ಲ ತಾನೆ?

ಉತ್ತರ: ಇದೆ. ಒಂದು ಚಿಟಿಕೆ ಬೀಜಕ್ಕೂ ಇಂಪೋರ್ಟ್ ಪರ್ಮಿಟ್ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದಲ್ಲಿ ಇದೆ. ಹೊಸ ವೈರಸ್ ಒಂದು ಆ ಕವರಿನಲ್ಲಿ ಬಂದರೆ ಹಾಳಾಗುವುದು ನಿಮ್ಮ ತೋಟ ಮಾತ್ರ ಅಲ್ಲ, ಅಕ್ಕಪಕ್ಕದವರದ್ದೂ.